ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ

ಮೂರನೇ ಕಟ್ಟೆ, ಕೃಷ್ಣೆಯ ದಂಡೆ
ಫೆಬ್ರವರಿ ೩೦, ೨೨೧೮

ಯಾವುದೋ ಊರಿನ ಶಾಲೆಯಲ್ಲಿ ಇಂದು ಪ್ರಯೋಗಶಾಲೆಯನ್ನು ನೋಡಿಕೊಳ್ಳುತ್ತಿರುವ ಗುರುಗಳಿಗೆ, ಮಹಾನಂದಾ ಗಾಣಿಗೇರ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಇಟ್ಟುಕೊಂಡಿದ್ದೇವೆ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ಕಾಲುವೆಯ ಹೂಳೆತ್ತುವುದಕ್ಕೆ ಹೋಗುತ್ತವೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹತ್ತನೆಯ ತರಗತಿಯ ಹಳೆಯ ವಿಜ್ಞಾನ ಪುಸ್ತಕ ಓದಿ ಕಲಿತವಳು. ಅಲ್ಲಲ್ಲಿ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು.

ಇಲ್ಲಿ ಹೊಳೆಗೆ ಕಟ್ಟಿದ ಒಂದೊಂದು ಕಟ್ಟೆಗೂ ಒಂದೊಂದು ಊರು; ನಮ್ಮ ಶಾಲೆ ಕಟ್ಟೆಯ ಮೇಲಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಪ್ರಯೋಗಶಾಲೆ. ಈ ಸೀಮೆಯಲ್ಲಿ ಈಗ ಗಾಜು ತಯಾರಾಗುವುದಿಲ್ಲ. ಒಂದೊಂದು ಪ್ರನಾಳವೂ ನಾಲ್ಕು ತಲೆಮಾರಿನ ಕೈ ದಾಟಿ ಬಂದಿದೆ, ಒಂದು ಒಡೆದರೆ ಮತ್ತೊಂದು ಸಿಗುವುದಿಲ್ಲ. ಮಕ್ಕಳಿಗೆ ಮೊದಲು ಕಲಿಸುವುದು ಪ್ರಯೋಗವನ್ನಲ್ಲ, ಹಿಡಿಯುವುದನ್ನು. ಪ್ರನಾಳವನ್ನು ಇಕ್ಕಳದಲ್ಲಿ ಹಿಡಿದು ಅದರ ಬಾಯಿ ಯಾರ ಕಡೆಗೂ ತಿರುಗದಂತೆ ಕಾಯಿಸಬೇಕು. ವಾಸನೆ ನೋಡಬೇಕಾದರೆ ಮೂಗು ಒಡ್ಡದೆ ಕೈಯಿಂದ ಗಾಳಿ ಬೀಸಿಕೊಳ್ಳಬೇಕು. ಜಡೆ ಕಟ್ಟಿರಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು. ಗಂಧಕಾಮ್ಲವನ್ನು ನಾವೇ ತಯಾರಿಸುತ್ತೇವೆ. ಹಗಲಿನ ಬಿಸಿಲನ್ನು ರಾತ್ರಿಯ ದೀಪಕ್ಕೆ ಕೂಡಿಡುವ ಬಿಸಿಲುಪೆಟ್ಟಿಗೆಗಳಿಗೆ ಅದು ಬೇಕು. ಮಾಳಿಗೆಯ ಮೇಲೆ ಒಂದು ತೊಟ್ಟಿ ಇದೆ. ಅದರ ನೀರನ್ನು ಕಣ್‌ನೀರು ಎನ್ನುತ್ತೇವೆ. ಆಮ್ಲವೋ ಕ್ಷಾರವೋ ಕಣ್ಣಿಗೆ ಸಿಡಿದರೆ ತೊಳೆಯಲೆಂದು ಇಟ್ಟ ನೀರು ಅದು. ಎಂಥ ಬೇಸಿಗೆಯಲ್ಲೂ ಅದನ್ನು ಯಾರೂ ಕುಡಿಯುವಂತಿಲ್ಲ.

ನನಗೆ ಇದನ್ನೆಲ್ಲ ಕಲಿಸಿದವರು ಹುಸೇನಸಾಬ ಮಾಸ್ತರರು. ಮುಪ್ಪಿನಲ್ಲೂ ಪ್ರಯೋಗಶಾಲೆಯನ್ನು ಅವರೇ ನಡೆಸುತ್ತಿದ್ದರು, ನಾನು ಅವರ ಕೈಕೆಳಗೆ ಪಾಠ ಮಾಡುತ್ತಿದ್ದೆ. ಹೋದ ಬೇಸಿಗೆಯಲ್ಲಿ ಅವರನ್ನು ಹುಡುಕಿಕೊಂಡು ಐದನೇ ಕಟ್ಟೆಯಿಂದ ಬಸವಂತ ಎಂಬುವನು ಬಂದ. ಎರಡನೇ ಕಟ್ಟೆಯವರು ಅವನ ಊರಿಗೆ ಹೋಗುವ ಕಾಲುವೆಯ ಗೇಟು ಮುಚ್ಚಿ ಕಾವಲು ಕೂತಿದ್ದರಿಂದ ಅಲ್ಲಿ ನೀರಿರಲಿಲ್ಲ. ಅವನ ಕೂಸೊಂದು ಬಾಯಾರಿ ಸತ್ತಿತ್ತು.

"ನಿಮ್ಮ ಆಮ್ಲ ಕೊಡ್ರಿ ಮಾಸ್ತರ," ಅಂದ. "ಬಾಟ್ಲ್ಯಾಗ ತುಂಬಿ ಕಾವಲುಗಾರರ ಮಾರಿಗೆ ಒಗೀತೇವಿ. ಗೇಟ ತಾನ ತೆರೀತೈತಿ."

"ನಮ್ಮ ಪಾಲಿನ ನೀರಾಗ ಅರ್ಧಾ ಒಯ್ಯಪಾ," ಅಂದರು ಮಾಸ್ತರರು. "ಊರವರಿಗೆ ನಾ ಹೇಳ್ತೀನಿ. ಆಮ್ಲ ಮಾತ್ರ ಕೊಡಾಂಗಿಲ್ಲ."

ಬಸವಂತ ಹೊಸ್ತಿಲ ಮೇಲೆ ಉಗುಳಿ ಹೋದ.

ಮರುದಿನ ಬೆಳಗಿನ ಪಾಠದ ಹೊತ್ತಿಗೆ ಐದಾರು ಜನರನ್ನು ಕಟ್ಟಿಕೊಂಡು ಬಂದು ಕೊಡಲಿಯಿಂದ ಬಾಗಿಲು ಒಡೆದ. ನಾನು ಮಕ್ಕಳನ್ನು ಹಿಂದಿನ ಕಿಟಕಿಯಿಂದ ಹೊರಗೆ ತಳ್ಳಿದೆ. ನುಗ್ಗಿದವರು ಕಪಾಟುಗಳನ್ನು ಉರುಳಿಸಿದರು. ಬೀಕರು, ಬ್ಯೂರೆಟ್ಟು, ಆಲಿಕೆಗಳೆಲ್ಲ ನೆಲಕ್ಕೆ ಬಿದ್ದು ಪುಡಿಯಾದವು. ಆಮ್ಲದ ಜಾಡಿಯ ಮುಂದೆ ಮಾಸ್ತರರು ಕೈ ಚಾಚಿ ನಿಂತಿದ್ದರು. ಬ್ಯೂರೆಟ್ಟು ಸಿಗಿಸುವ ಕಬ್ಬಿಣದ ಸ್ಟ್ಯಾಂಡನ್ನು ಬಸವಂತ ಎತ್ತಿಕೊಂಡು ಅದರ ಪಾದದಿಂದ ಅವರ ತಲೆಗೆ ಹೊಡೆದ. ಮಾಸ್ತರರು ಮೊಣಕಾಲೂರಿದರು. ಮತ್ತೊಮ್ಮೆ ಹೊಡೆದ. ಆಮೇಲೆ ಅವರು ಅಲ್ಲಾಡಲಿಲ್ಲ.

ನಾನು ಕೈಗೆ ಸಿಕ್ಕ ಮುಕ್ಕಾಲಿಯಿಂದ ಒಬ್ಬನ ಬಾಯಿಗೆ ಬೀಸಿದೆ, ಅವನ ಹಲ್ಲು ಉದುರಿದವು. ಇನ್ನಿಬ್ಬರು ನನ್ನ ಎಡಗೈ ಹಿಂದಕ್ಕೆ ತಿರುವಿ ಮುರಿದು, ಒಡೆದ ಗಾಜಿನ ಮೇಲೆ ಕೆಡವಿದರು.

ಜಾಡಿಯಲ್ಲಿ ಆಮ್ಲ ಅರ್ಧ ಮಾತ್ರ ಇತ್ತು. ತಾವು ತಂದಿದ್ದ ಬಾಟಲಿಗಳಿಗೆ ಸಾಲದೆಂದು ಬಸವಂತ ಅದಕ್ಕೆ ಸುರಿಯಲು ಒಂದು ಕೊಡ ನೀರನ್ನು ಎತ್ತಿದ. ಮಕ್ಕಳಿಗೆ ದಿನಾ ಹೇಳುವ ಮಾತು ನನ್ನ ಬಾಯಿಂದ ತಾನಾಗಿ ಹೊರಟಿತು.

"ಹಂಗ ಸುರೂಬ್ಯಾಡ! ನೀರಾಗ ಆಮ್ಲ ಹಾಕಬೇಕು, ಸಾವಕಾಶ, ಕಲಸಕೋತ. ಆಮ್ಲದಾಗ ನೀರ ಹಾಕಿದ್ರ ಸಿಡೀತೈತಿ!"

ಅವನು ನಕ್ಕ. "ಮಾಸ್ತರನ್ನ ಕೊಂದವಗ ಪಾಠ ಹೇಳ್ತಿಯೇನ? ನೀ ಹೇಳಿದ್ದರ ಉಲ್ಟಾನ ಖರೇ ಇರ್ತೈತಿ."

ಕೊಡ ಬಗ್ಗಿಸಿದ. ಜಾಡಿ ಒಮ್ಮೆಲೇ ಕುದಿದು ಉಕ್ಕಿ ಅವನ ಮುಖಕ್ಕೆ ಸಿಡಿಯಿತು, ಬಿಸಿ ತಾಳದೆ ಗಾಜೂ ಒಡೆಯಿತು. ಅವನು ಕೂಗಿದ ಕೂಗಿಗೆ ಜೊತೆಗಿದ್ದವರು ದಿಕ್ಕಾಪಾಲಾಗಿ ಓಡಿದರು. ನಾನು ಬಲಗೈಯಿಂದ ಅವನ ಕೊರಳಪಟ್ಟಿ ಹಿಡಿದು ಮಾಳಿಗೆಯ ತೊಟ್ಟಿಯಿಂದ ಇಳಿದ ಕೊಳವೆಯ ಕೆಳಗೆ ಎಳೆದೊಯ್ದು ನಲ್ಲಿ ತಿರುಗಿಸಿದೆ. ಯಾಕೆ ಹಾಗೆ ಮಾಡಿದೆನೆಂದು ಜನ ಇಂದಿಗೂ ಕೇಳುತ್ತಾರೆ. ಕಲಿತದ್ದನ್ನು ಕೈ ಮಾಡಿತು. ನನ್ನ ಮನಸ್ಸಿನಲ್ಲಿ ದಯೆ ಇರಲಿಲ್ಲ.

ಅಷ್ಟರಲ್ಲಿ ಊರಿಗೆ ಊರೇ ಒಳಗೆ ನುಗ್ಗಿತು. "ನೀರ ಬಂದ್ ಮಾಡ! ಸಾಯಲಿ ಸೂಳೆಮಗ!" ಎಂದು ಕೂಗಿದರು. ಒಬ್ಬನು ಕೊಡಲಿ ಎತ್ತಿಯೇ ಬಿಟ್ಟ. ಅವರನ್ನು ಸರಿಸಿ ಮಾಸ್ತರರ ಹೆಂಡತಿ ಮಾಬೂಬಿ ಮುಂದೆ ಬಂದಳು. ಗಂಡನ ಪಕ್ಕ ಕೂತು, ಅವರ ಬಾಯ ಮೇಲೆ ಅಂಗೈ ಇಟ್ಟು ಉಸಿರು ನೋಡಿದಳು. ಆಮೇಲೆ ಎದ್ದು ಬಂದು ನಲ್ಲಿಯ ಮೇಲೆ ಕೈಯಿಟ್ಟಳು. ಮುಚ್ಚಿಬಿಡುತ್ತಾಳೆ ಎಂದುಕೊಂಡೆ. ಮುಚ್ಚಲಿ ಎಂದೂ ಅನಿಸಿತು.

"ಇಂಥಾದ್ದಾದ್ರ ಅವ್ರು ಏನ ಮಾಡಂತಿದ್ರವಾ?" ಎಂದು ಕೇಳಿದಳು.

"ತೊಳೀತಾನ ಇರ್ರಿ, ನಿಲ್ಲಸಬ್ಯಾಡ್ರಿ ಅಂತಿದ್ರು, ಅಮ್ಮಾ."

"ಮತ್ತ ತೊಳಿ. ಇವನ ಕಣ್ಣ ಉಳೀಬೇಕು. ನನ್ನ ಗಂಡನ್ನ ಇವ ನೋಡಬೇಕು."

ಅವನ ತಲೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಮುಚ್ಚಿಕೊಳ್ಳುತ್ತಿದ್ದ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿದಳು. ಅವಳ ಬೆರಳಿನ ಚರ್ಮವೂ ಸುಟ್ಟಿತು, ಬಿಡಲಿಲ್ಲ. ತೊಟ್ಟಿ ಬರಿದಾಗುವವರೆಗೆ ತೊಳೆದೆವು. ಬಲಗಣ್ಣು ಹೋಗಿತ್ತು. ಎಡಗಣ್ಣು ತೆರೆಯಿತು.

ಮಾಬೂಬಿ ಅವನ ಕೂದಲು ಹಿಡಿದು ಹೆಣದ ಹತ್ತಿರ ಎಳೆದಳು. "ನೋಡು." ಅವನು ನೋಡಿದ. "ನನ್ನ ಕೂಸು," ಎಂದೇನೋ ಅನ್ನಲು ಹೋಗಿ ನಿಲ್ಲಿಸಿದ. ಅವಳು ರಕ್ತ ಹತ್ತಿದ ಆ ಸ್ಟ್ಯಾಂಡನ್ನು ಎತ್ತಿ ಅವನ ಬಲಗೈ ಮೇಲೆ ಒಂದೇ ಏಟು ಹಾಕಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಸ್ಟ್ಯಾಂಡನ್ನು ಕೆಳಗಿಟ್ಟಳು.

"ಅವ್ರು ಅರ್ಧಾ ನೀರ ಕೊಡ್ತೀನಿ ಅಂದಿದ್ರು," ಎಂದಳು ಊರವರಿಗೆ. "ಬಂಡಿ ಹೂಡ್ರಿ."

ಊರು ಬಹಳ ಕೂಗಾಡಿತು. ಆದರೂ ಮಣ್ಣು ಮಾಡಿ ಬಂದ ಸಂಜೆಯೇ ನೀರಿನ ಬಂಡಿ ಐದನೇ ಕಟ್ಟೆಗೆ ಹೋಯಿತು, ಕೈಗೆ ಬಟ್ಟೆ ಸುತ್ತಿಕೊಂಡು ಅವಳೇ ಹೊಡೆದುಕೊಂಡು ಹೋದಳು. ಬಸವಂತನನ್ನು ಕಟ್ಟೆಗಳ ಪಂಚಾಯಿತಿ ಆಜೀವ ಹೂಳೆತ್ತುವ ಕೆಲಸಕ್ಕೆ ಹಾಕಿದೆ. ಒಂದೇ ಕೈಯಲ್ಲಿ ಎತ್ತುತ್ತಾನೆ. ಅವನನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಿಮ್ಮ ಕಾಲದಲ್ಲೂ ಆಮ್ಲವನ್ನು ಮನುಷ್ಯರ ಮುಖಕ್ಕೆ ಎರಚಿದವರಿದ್ದರೆಂದು ಓದಿದ್ದೇನೆ. ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಬೇಡಿಕೆ. "ಸೆಕೆ ಆಗತೈತ್ರಿ, ಕನ್ನಡಕ ಹಾಕ್ಕೊಳ್ಳಾಂಗಿಲ್ಲ" ಎಂದು ಮಗುವೊಂದು ಹಟ ಮಾಡಿದರೆ ನಕ್ಕು ಬಿಟ್ಟುಬಿಡಬೇಡಿ, ಬೈಯಲೂ ಬೇಡಿ. ಆ ಮಗುವಿನ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿ. ನೀವೇ ಕನ್ನಡಕ ತೊಡಿಸಿ, ಪಟ್ಟಿ ಬಿಗಿಮಾಡಿ, ಆಮೇಲೆ ಪ್ರಯೋಗದ ದೀಪ ಹಚ್ಚಿ.