ಅಮ್ಮಮ್ಮನ ದವಡೆ ಮತ್ತು ನನ್ನ ನಾಲಿಗೆ

ಮಂಗಳವಾರ, ಮಾರ್ಚ್ 11

ಘನತೆವೆತ್ತ ನನ್ನ ನಾಲಿಗೆಯ ವಿರುದ್ಧ ಇಂದು ತೀರ್ಪು ಬಂತು.

ಮೂರು ತಿಂಗಳ ಹಿಂದೆ ಅಮ್ಮಮ್ಮನನ್ನು ಹಲ್ಲು ಕೀಳಿಸಲು ಕುಂದಾಪುರಕ್ಕೆ ಕರೆದೊಯ್ದವನು ನಾನು. "ಅಜ್ಜಿ ದಿನಾ ಎಂತ ತಕಂತ್ರ್?" ಎಂದು ಹಲ್ಲಿನ ಡಾಕ್ಟರು ಮದ್ದಿನ ಬಗ್ಗೆ ಕೇಳಿದಾಗ ನಾನೇ ಮುಂದೆ ಹಾರಿ, "ಮಧ್ಯಾಹ್ನಕ್ಕ್ ಬಂಗ್ಡಿ, ರಾತ್ರಿಗ್ ಚಟ್ಲಿ" ಎಂದು ಮೀನು-ಸೀಗಡಿಯ ಪಟ್ಟಿ ಒಪ್ಪಿಸಿದೆ. ಎಲ್ಲರೂ ನಕ್ಕರು. ಅಮ್ಮಮ್ಮ ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್ನಿನ ಮಾತು ಆ ನಗುವಿನಲ್ಲಿ ಮುಳುಗಿತು.

ಹಲ್ಲು ಕಿತ್ತ ಜಾಗ ಮಾಯಲೇ ಇಲ್ಲ. ಇಂದು ದೊಡ್ಡಾಸ್ಪತ್ರೆಯ ಡಾಕ್ಟರು ಒಸಡಿನ ನಡುವೆ ಇಣುಕುವ ಮೂಳೆ ತೋರಿಸಿದರು. ದವಡೆಯ ಅಷ್ಟು ಭಾಗ ಸತ್ತಿದೆಯಂತೆ.

"ಈ ಇಂಜೆಕ್ಷನ್ ತಕಂಬರಿಗೆ ಹಲ್ಲ್ ತೆಗ್ದ್ರೆ ಒಂದೊಂದ್ಸಲ ಹಿಂಗಾತ್ತ್. ಹಲ್ಲಿನ ಡಾಕ್ಟ್ರಿಗೆ ಮೊದ್ಲೇ ಹೇಳ್ಲಿಲ್ಯಾ?" ಎಂದು ಹಳೆಯ ಚೀಟಿ ನೋಡಿ ಕೇಳಿದರು.

"ನಾನೇ ಹೇಳ್ಲಿಲ್ಲ, ಮರ್ತ್ ಹೋಯ್ತ್," ಎಂದಳು ಅಮ್ಮಮ್ಮ, ನನ್ನ ಕಡೆ ನೋಡದೆ. ನಾನು ಪರಮ ಗಾಂಭೀರ್ಯದಿಂದ ಗೋಡೆಯ ಕ್ಯಾಲೆಂಡರ್ ಓದಿದೆ.

ಊರಿಗೆ ಮರಳುವ ಬಸ್ಸು ಕೋಟ ದಾಟಿದ ಮೇಲೆ, "ತಪ್ಪ್ ನಂದ್" ಎಂದೆ.

ಇಡೀ ಮೀನು ಮಾರ್ಕೆಟ್ಟನ್ನೇ ಬೈದು ಸುಮ್ಮನಾಗಿಸುವ ಅಮ್ಮಮ್ಮ ಕೆನ್ನೆಗೆ ಸೆರಗು ಒತ್ತಿಕೊಂಡು, "ಹೌದ್ ಮಾಣಿ. ಬಾಯಿ ಸಮ ಆಯ್ಲಿ, ಬೈತೆ" ಎಂದಳು.

ಬಾಯಿ ಸರಿಯಾಗಲು ಎಷ್ಟು ದಿನ ಬೇಕೆಂದು ಡಾಕ್ಟರು ಹೇಳಿಲ್ಲ. ಆ ಬೈಗುಳ ಪೂರ್ತಿ ನನಗೆ ಬೇಕು.