ಕಣ್ಣು ಬಿಡದ ಮರಿ

ಸಾರಕ್ಕಿ
12-8-2024, ಸೋಮವಾರ

ಹಠಮಾರಿ ಮಗಳು ಕಲ್ಯಾಣಿಗೆ,

ನಿನ್ನಮ್ಮ ಗಟ್ಟಿಯಾಗಿದ್ದಾಳೆ, ನಾಲಿಗೆಯೂ ಹಾಗೇ ಇದೆ. ಫೋನಿನಲ್ಲಿ ಅದು ನನ್ನ ಮಾತು ಕೇಳುವುದಿಲ್ಲ. ಕಾಗದದಲ್ಲಾದರೆ ಬೈದದ್ದನ್ನು ಹೊಡೆದುಹಾಕಬಹುದು. ಮೂರನೇ ಕ್ಲಾಸಿನ ಅಕ್ಷರ, ನಗಬೇಡ.

ಆಷಾಢದಲ್ಲಿ ಕಿವಿ ಹರಿದ ಬೀದಿ ಬೆಕ್ಕೊಂದು ನಮ್ಮ ಬೀರುವಿನ ತಳದಲ್ಲಿ ಮರಿ ಹಾಕಿತು. ಒಂದೇ ಮರಿ. ಅದೂ ಎಲ್ಲಿ? ನೀನು ಇಲ್ಲಿ ಬಿಟ್ಟುಹೋದ, ನಿನ್ನ ಕೂಸು ಮೈತ್ರಿಯ ಹೊದಿಕೆಯ ಮೇಲೆ. ಪೊರಕೆ ಎತ್ತಿದೆ. ಆಮೇಲೆ ಅದೇ ಕೈಯಲ್ಲಿ ಹಾಲಿಟ್ಟೆ.

ಮೇಲಿನ ಮನೆಯ ಹುಬ್ಬಳ್ಳಿಯ ಶಿವವ್ವ ಬಗ್ಗಿ ನೋಡಿ, "ಮಗಳಿಗಿಲ್ಲದ ಜಾಗಾ ಬೆಕ್ಕಿಗೆ ಸಿಕ್ತಲ್ರೀ ಅಮ್ಮಾರ!" ಅಂದಳು. "ಇದ್ರ ಗಂಡ ಎಲ್ಲವ್ನೆ ಅಂತ ಗೊತ್ತಿದ್ರೆ ಇದನ್ನೂ ಕಳಿಸ್ತಿದ್ದೆ, ನಡಿಯೇ" ಅಂದೆ. ಅವಳು ನಕ್ಕಳು. ನನ್ನ ತಟ್ಟೆಯ ಅನ್ನ ಬೆಕ್ಕಿಗೆ ಹೋಯಿತು.

ಕಣ್ಣು ಬಿಡದ ಮರಿಯನ್ನು ಮುಟ್ಟಿದರೆ ತಾಯಿ ಜಾಗ ಬದಲಿಸುತ್ತೆ ಅಂತ ನಮ್ಮವ್ವ ಹೇಳುತ್ತಿದ್ದಳು. ಗೊತ್ತಿದ್ದೂ ಮುಟ್ಟಿದೆ ಕಣೇ. ಮೈತ್ರಿಯ ನೆತ್ತಿಯ ಹಾಗೆ ಬೆಚ್ಚಗಿತ್ತು. ಮಾರನೆಯ ದಿನ ಹೊದಿಕೆ ಬರಿದಾಗಿತ್ತು.

ಮಧ್ಯಾಹ್ನ ಮಂಪರು ಹತ್ತಿದರೆ ಒಂದೇ ಕನಸು. ಸಾರಕ್ಕಿ ಕೆರೆಯ ಏರಿ ಮೇಲೆಲ್ಲ ಹೊಗೆಯಂಥ ಮಂಜು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೆಕ್ಕು ಮೆಲ್ಲಗೆ ನಡೆಯುತ್ತಿದೆ. ಅದು ಬಂದ ಕಡೆಯೆಲ್ಲ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ಕೊನೆಯ ಬಾಗಿಲು ನಮ್ಮದು. ಚಿಲಕದ ಮೇಲಿದ್ದ ಕೈಯಲ್ಲಿ ನನ್ನ ಹಸಿರು ಬಳೆ.

ಯುಗಾದಿಯ ದಿನ ನೀನು ಗಂಡನ ಮನೆ ಸಾಕಾಯ್ತು ಅಂತ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಂದೆ. ಹಬ್ಬದೂಟ ಮಾಡಿಕೊಂಡು ಹಿಂದಕ್ಕೆ ಹೊರಡು ಅಂದೆ ನಾನು. ಊಟವನ್ನೂ ಮಾಡದೆ ಹೊರಟೆ ನೀನು. ನಿನ್ನ ಬೆನ್ನಿನ ಮೇಲೆ ಯಾಕೆ ಏಟಿನ ಗುರುತಿತ್ತು ಅಂತ ಕೇಳಲಿಲ್ಲ. ಕಂಡಿತ್ತು.

ಶುಕ್ರವಾರ ಬೆಕ್ಕು ಮರಿಯನ್ನು ಕಚ್ಚಿಕೊಂಡು ತಿರುಗಿ ಬಂತು. ಮರಿ ಕಣ್ಣು ಬಿಟ್ಟಿದೆ, ಮೋಡದ ಬಣ್ಣ. ಈಗ ಬಾಗಿಲಿಗೆ ಚಿಲಕ ಹಾಕುತ್ತಿಲ್ಲ, ಅದು ಓಡಾಡಬೇಕಲ್ಲ. ನನಗೆ ಬಗ್ಗಿ ಹಾಲಿಡಲು ಸೊಂಟ ನೋವು. ಮೈತ್ರಿಗಾದರೆ ಆಟ.

ಶಿವವ್ವ ಕೆಲಸಕ್ಕೆ ನಿಮ್ಮ ಬಿಟಿಎಂ ಬಡಾವಣೆಗೇ ಬರುತ್ತಾಳೆ. ಈ ಕಾಗದವನ್ನು, ಗಂಡನ ಮನೆಗೂ ಹೋಗದೆ ನೀನು ಹಿಡಿದ ಬಾಡಿಗೆ ಮನೆಗೆ ತಂದುಕೊಡುತ್ತಾಳೆ. ಅವಳಿಗೆ ಟೀ ಕೊಡು, ಬುದ್ಧಿ ಕೇಳಬೇಡ.

ಇಂತಿ ನಿನ್ನ ಬಾಯಿಬಡುಕಿ ಅಮ್ಮ,
ಸಪ್ಪಲಮ್ಮ

ಮರೆತಿದ್ದೆ: ಬೆಕ್ಕು ಬಂದು ಹೋಗುವುದು ಅಡುಗೆಮನೆ ಕಿಟಕಿಯಿಂದ. ಅದಕ್ಕೆ ಬಾಗಿಲು ಬೇಕಿಲ್ಲ.