ನಮ್ಮ ಹೊಲದಲ್ಲಿ ಮಲಗಿದ ಟೀಚರಮ್ಮ

ನನ್ನ ಮನೆಯ ಪಡಸಾಲೆಯ ಕೋಣೆಯಲ್ಲಿ ಹನ್ನೊಂದು ತಿಂಗಳು ಇದ್ದ ಟೀಚರಮ್ಮನವರಿಗೆ,

ಶಿಕಾರಿಪುರದ ಪೇಟೆ ಬೀದಿಯ ದೊಡ್ಡ ಮನೆಯ ಯಜಮಾನಿ ಗುರುಬಸಮ್ಮ ಬರೆಯುವುದು. ಗಂಡ ಲಿಂಗೈಕ್ಯರಾದ ಮೇಲೆ ಹದಿನಾಲ್ಕು ವರ್ಷದಿಂದ ಈ ಮನೆ, ಜಮೀನು, ಮೂವರು ಗಂಡುಮಕ್ಕಳು ಎಲ್ಲ ನನ್ನ ಮಾತಿನ ಮೇಲೆ ನಡೆದಿದೆ. ಹೆಣ್ಣುಮಕ್ಕಳಿಗೆ ಅಕ್ಷರ ಬಂದರೆ ಸಾಕು ಅನ್ನುವ ಕಾಲದಲ್ಲಿ ಸೋದರಮಾವನ ಮನೆಯಲ್ಲಿದ್ದು ಶಿವಮೊಗ್ಗದಲ್ಲಿ ಹೈಸ್ಕೂಲು ಓದಿದವಳು ನಾನು. ನನ್ನ ತೀರ್ಮಾನ ತಪ್ಪಾಯಿತೆಂದು ಈವರೆಗೆ ಯಾರ ಎದುರೂ ಒಪ್ಪಿದವಳಲ್ಲ. ನೀವು ತೀರಿಕೊಂಡು ಇಪ್ಪತ್ತಾರು ದಿನವಾಯಿತು. ಇವತ್ತಿಗೂ ಸೊರಬದ ಬಸ್ಸಿನ ಹಾರ್ನು ಕೇಳಿದರೆ ಕೈಯಲ್ಲಿದ್ದ ಮೊರ ಹಾಗೇ ನಿಲ್ಲುತ್ತದೆ. ಇದು ನಿಜವೇ? ನಿಮ್ಮಂಥ ಗಟ್ಟಿ ಹೆಂಗಸು, ಒಂದು ಜ್ವರಕ್ಕೆ...

ನೀವು ಬಂದ ದಿನ ನೆನಪಿದೆ. ಮಿಷನ್ನಿನವರು ಇಂಗ್ಲಿಷ್ ಕಲಿಸಲು ನಿಮ್ಮನ್ನು ಕಳಿಸಿದ್ದರು. ಸಮುದ್ರದಾಚೆಯಿಂದ ಬಂದ ಬಿಳಿ ಹೆಂಗಸಿಗೆ ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಬೀದಿ ಬಾಗಿಲಿನ ಕೋಣೆ ಕೊಡುತ್ತೇನೆ ಅಂದೆ. ಮಾಂಸ ಬೇಯಿಸಬಾರದು, ಹೊಸ್ತಿಲೊಳಗೆ ಯೇಸುವಿನ ಮಾತು ಎತ್ತಬಾರದು ಎಂದು ಕರಾರು ಹಾಕಿದೆ. ಪುಸ್ತಕ ಓದಿ ಕನ್ನಡ ಕಲಿತಿದ್ದ ನೀವು ಕೈಮುಗಿದು, "ಹಾಗೆಯೇ ಆಗಲಿ ತಾಯೇ. ನಾನು ಆಂಗ್ಲ ಭಾಷೆಯನ್ನು ಮಾತ್ರವೇ ಬೋಧಿಸುವೆನು" ಅಂದಿರಿ. ಒಳಗೆ ಸೊಸೆಯಂದಿರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. "ನಾಟಕದ ರಾಣಿ ಬಂದಾಳ ನೋಡ್ರವ್ವ!" ಅಂದಳು ಹಿರಿಯವಳು. ನಾನು ನಗಲಿಲ್ಲ. ನಗುವುದು ನನ್ನ ಪದ್ಧತಿಯಲ್ಲ.

ಬೆಳಗ್ಗೆ ನಾನು ಲಿಂಗಪೂಜೆಗೆ ಕೂರುವ ಹೊತ್ತಿಗೆ ನಿಮ್ಮ ಕೋಣೆಯ ಕಿಟಕಿ ತೆರೆದಿರುತ್ತಿತ್ತು. ಮಂಚದ ಪಕ್ಕದಲ್ಲಿ ಬರಿ ನೆಲಕ್ಕೆ ಮೊಣಕಾಲೂರಿ, ಹಾಸಿಗೆಯ ಮೇಲೆ ಮೊಣಕೈ ಇಟ್ಟು, ಕಣ್ಣು ಮುಚ್ಚಿರುತ್ತಿದ್ದಿರಿ. ನಾನು ಎಡಗೈಯಲ್ಲಿ ಲಿಂಗ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದೆ. ಎಷ್ಟೋ ದಿನ ಇಬ್ಬರೂ ಒಂದೇ ಹೊತ್ತಿಗೆ ಎದ್ದದ್ದುಂಟು. ಆಮೇಲೆ ನೀವು ಸಕ್ಕರೆಯಿಲ್ಲದ ಕರಿ ಚಹಾ ಕುಡಿಯುತ್ತಿದ್ದಿರಿ. ಎಂಟು ಗಂಟೆಗೆ ಹದಿನೈದು ಹುಡುಗಿಯರು ಚಾಪೆ ಹಿಡಿದು ಬರುತ್ತಿದ್ದರು. ಅವರಲ್ಲಿ ನನ್ನ ಮೊಮ್ಮಗಳು ಲೀಲಾ ಒಬ್ಬಳು. ಬದನೆಕಾಯಿ, ಲಾಟೀನು, ನನ್ನ ಕುಟ್ಟಾಣಿ, ಎಲ್ಲವನ್ನೂ ಎತ್ತಿ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಹೇಳಿಸುತ್ತಿದ್ದಿರಿ. ಪ್ರತಿ ಗುರುವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋಗಿ, ಅಲ್ಲಿ ಮೂರು ದಿನ ಪಾಠ ಹೇಳಿ, ಭಾನುವಾರ ಸಂಜೆ ಕೆಂಪು ಧೂಳಿನಲ್ಲಿ ಅದ್ದಿ ತೆಗೆದವರ ಹಾಗೆ ವಾಪಸು. "ಇಷ್ಟು ದೂರ ಬಂದು ಯಾರದೋ ಮಕ್ಕಳಿಗೆ ಯಾಕೆ ಕಲಿಸುತ್ತೀರಿ?" ಎಂದು ಒಮ್ಮೆ ಕೇಳಿದ್ದೆ. "ತಾಯೇ, ಉತ್ತರ ಹೇಳಿದರೆ ಕರಾರು ಮುರಿದಂತಾಗುವುದು" ಅಂದಿರಿ. ಅವತ್ತು ಮಾತ್ರ ನನಗೆ ನಗು ಬಂದಿತ್ತು. ನಿಮಗೆ ಕಾಣದ ಹಾಗೆ ಮುಖ ತಿರುಗಿಸಿದೆ.

ಆ ಕೊನೆಯ ಬುಧವಾರ ಬೆಳಗ್ಗೆ ಹಾಲಿನ ಚೊಂಬು ಕೊಡಲು ನಾನೇ ನಿಮ್ಮ ಕೋಣೆಗೆ ಬಂದೆ. ಲೀಲಾ ನಿಮ್ಮ ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದಳು. ನಿಮ್ಮ ಹಾಗೇ ಕೈ ಜೋಡಿಸಿ, ನಿಮ್ಮ ಹಾಗೇ ಕಣ್ಣು ಮುಚ್ಚಿ. ಹಾಸಿಗೆಯ ಮೇಲೆ ನೀವು ಕೂತಿದ್ದಿರಿ, ಅವಳ ತಲೆಯ ಮೇಲೆ ನಿಮ್ಮ ಕೈ. ಕೊರಳಲ್ಲಿ ಲಿಂಗವಿರುವ ಹುಡುಗಿ! ನನ್ನ ಮನೆಯಲ್ಲಿ, ನನ್ನ ಕಣ್ಣೆದುರು! ಚೊಂಬು ಕೆಳಗಿಟ್ಟೆ. "ಇವತ್ತೇ ಕೋಣೆ ಖಾಲಿ ಮಾಡಿ" ಅಂದೆ. ನೀವು ಒಂದು ಮಾತೂ ಆಡಲಿಲ್ಲ. ನಿಮ್ಮ ಮುಖ ಕೆಂಪಾಗಿತ್ತು. ಸಿಕ್ಕಿಬಿದ್ದ ನಾಚಿಕೆ ಅಂದುಕೊಂಡೆ ನಾನು. ಪೆಟ್ಟಿಗೆ ಎತ್ತಿಕೊಂಡು ನೀವು ಮಧ್ಯಾಹ್ನದ ಬಸ್ಸು ಹತ್ತಿದಿರಿ. ಕ್ಷಮೆ ಕೇಳಿಕೊಂಡು ಭಾನುವಾರ ಸಂಜೆ ಬರುತ್ತಾರೆ, ಎರಡು ಮಾತು ಅಂದು ಒಳಗೆ ಕರೆದರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಭಾನುವಾರ ನೀವು ಬರಲಿಲ್ಲ. ಸೋಮವಾರ ಬೆಳಗ್ಗೆ ಬಸ್ಸಿನ ಕಂಡಕ್ಟರು ಬಂದ. "ಅಮ್ಮಾರೆ, ನಿಮ್ಮ ಟೀಚರಮ್ಮ ಸೊರಬದಾಗ ಹೋಗಿಬಿಟ್ರಂತ್ರಿ." ಎಲ್ಲಿಗೆ ಹೋದರು ಎಂದು ಕೇಳಿದೆ. ನೋಡಿ, ಎಂಥ ಪ್ರಶ್ನೆ. ಅವನು ಟೋಪಿ ತೆಗೆದ ಮೇಲೇ ನನಗೆ ತಿಳಿದದ್ದು. ಹಿರಿಯ ಮಗ ಅಕ್ಕಿ ಮಿಲ್ಲಿನ ಲಾರಿ ಗೊತ್ತುಮಾಡಿದ. ಸೊರಬದಲ್ಲಿ ನೀವು ಪಾಠದ ದಿನಗಳಿಗೆಂದು ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ನಿಮ್ಮನ್ನು ಗೋಡೆಯ ಪಕ್ಕ ಮಲಗಿಸಿದ್ದರು. ಎಷ್ಟು ಚಿಕ್ಕವರಾಗಿ ಕಂಡಿರಿ! ಕೋಣೆಯ ಒಡತಿ ಅಳುತ್ತಿದ್ದಳು. "ನಮಗೆ ಎಂತ ಗೊತ್ತು ಮಾರಾಯ್ರೆ, ಬರುವಾಗ್ಲೇ ಮೈ ಕೆಂಡ ಆಗಿತ್ತು. ಡಾಕ್ಟ್ರು ಬಂದ್ರು, ಸೂಜಿ ಹಾಕಿದ್ರು. ಈಗ ಎಲ್ಲಿ ಮಣ್ಣು ಮಾಡೋದು? ಇವ್ರ ಜಾತಿಯವ್ರ ಜಾಗ ಇಲ್ಲಿ ಇಲ್ಲ." ಬಾಗಿಲಲ್ಲಿ ನಿಂತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. "ನಮ್ಮ ಹೊಲದಲ್ಲಿ" ಎಂದು ನನ್ನ ಬಾಯಿಂದ ಬಂತು. ನನ್ನ ಮಗ ಬೆಚ್ಚಿ ನನ್ನನ್ನು ನೋಡಿದ. ನಾನೂ ಬೆಚ್ಚಿದ್ದೆ. ಶಿವಮೊಗ್ಗದ ಪಾದ್ರಿಗೆ ತಂತಿ ಕೊಟ್ಟು, ನಿಮ್ಮನ್ನು ಹೊತ್ತ ಲಾರಿ ಹೊರಡಿಸಿದೆ.

ಪಾದ್ರಿ ಮರದ ಪೆಟ್ಟಿಗೆಯೊಂದಿಗೆ ಬಂದಾಗ ಮಧ್ಯಾಹ್ನ ಮೂರು. ನಮ್ಮ ಮನೆತನದ ಸಮಾಧಿಗಳಿರುವ ಹೊಲದಲ್ಲಿ ನಮ್ಮ ಆಳು ಹನುಮ ಆಗಲೇ ಗುಂಡಿ ತೋಡಿ ಬೆವರು ಒರೆಸಿಕೊಳ್ಳುತ್ತಿದ್ದ. ಪಾದ್ರಿ ಇಣುಕಿ ನೋಡಿ ಹಿಂದೆ ಸರಿದರು.

"ಏನಪ್ಪಾ ಇದು, ಬಾವಿಯೇ?"

"ಬಾವಿ ಯಾಕ್ರಿ ಸ್ವಾಮಿ? ಮೂರು ಮೆಟ್ಲ, ಮುಂದ ಗೂಡು. ಟೀಚರಮ್ಮಾರನ್ನ ಕುಂದ್ರಿಸಿದ್ರ ಹೇಳಿ ಮಾಡಿಸಿದಂಗ ಆಗತೈತಿ."

"ನಮ್ಮವರನ್ನು ಕೂರಿಸುವುದಿಲ್ಲಪ್ಪ. ಮಲಗಿಸುತ್ತೇವೆ."

"ಸತ್ತ ಮ್ಯಾಲೂ ಮಲಗತಾರೇನ್ರಿ?" ಹನುಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅಮ್ಮಾರ ಹೊಲ, ಅಮ್ಮಾರ ಪದ್ಧತಿ ಅಂದ್ಕೊಂಡ್ನಿ."

ತಪ್ಪು ಅವನದಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತೇವೆ. ಗುದ್ದಲಿ ಹಿಡಿದಾಗಿನಿಂದ ಆ ಹೊಲದಲ್ಲಿ ಅವನು ತೋಡಿದ್ದೆಲ್ಲ ಕೂರುವವರಿಗೇ. ಹೇಗೆ ತೋಡಬೇಕೆಂದು ನಾನೂ ಹೇಳಿರಲಿಲ್ಲ. ಹೊಳೆದೇ ಇರಲಿಲ್ಲ. "ಉದ್ದ ಮಾಡು" ಅಂದೆ. ನಾಲ್ವರು ಗುದ್ದಲಿ ಹಿಡಿದರು.

ಅವರು ಅಗೆಯುತ್ತಿದ್ದಾಗ ಲೀಲಾ ನನ್ನ ಸೆರಗು ಜಗ್ಗಿದಳು. "ಅಜ್ಜಿ, ಟೀಚರ್‌ಗೆ ಅವತ್ತೇ ಜ್ವರ ಇತ್ತು. ಅದಕ್ಕ ನಾ ಮೊಣಕಾಲೂರಿದ್ದು. ಅವ್ರ ದೇವ್ರಿಗೆ ಅವ್ರಂಗ ಕೇಳಿದ್ರ ಲಗೂ ಕೇಳಸತೈತಿ ಅಂತ." ಹಾಗೆ ನೀವೇ ಕಲಿಸಿದಿರಾ ಎಂದು ಅವಳನ್ನು ಕೇಳಿದೆ. ಅವಳು ನಿಮ್ಮ ದನಿಯಲ್ಲೇ ಹೇಳಿದಳು: "'ಬೇಡ ಮಗುವೇ, ಮೇಲೆ ಏಳು. ನಿನ್ನ ಅಜ್ಜಿಯವರು ಕುಳಿತುಕೊಳ್ಳುವಂತೆ ಕುಳಿತು ಬೇಡಿಕೋ' ಅಂದ್ರು. ತಲಿ ಮ್ಯಾಲ ಕೈ ಇಟ್ಟು ಎಬ್ಬಸ್ತಿದ್ರು. ಅಷ್ಟರಾಗ ನೀ ಬಂದಿ."

"ನನಗೆ ಯಾಕೆ ಹೇಳಲಿಲ್ಲ?"

"ನೀ ಕೇಳಲೇ ಇಲ್ಲಲ್ಲ ಅಜ್ಜಿ."

ಟೀಚರಮ್ಮ, ನೀವಾದರೂ ಹೇಳಬಹುದಿತ್ತಲ್ಲ? ಜ್ವರ ಬಂದಿದೆ, ನಿಲ್ಲಲಾಗುತ್ತಿಲ್ಲ ಅಂದಿದ್ದರೆ ನಾನು... ಹುಡುಗಿಗೆ ಏಟು ಬೀಳುತ್ತದೆಂದು ಸುಮ್ಮನಾದಿರೇ? ಮೈಯಲ್ಲಿ ಅಂಥ ಜ್ವರವಿದ್ದವರನ್ನು ಎರಡು ಬಸ್ಸು ಹತ್ತಿಸಿದವಳು ನಾನು. ಗುಂಡಿಗೆ ಪೆಟ್ಟಿಗೆ ಇಳಿಸುವಾಗ ಹಗ್ಗದ ಒಂದು ತುದಿ ಹಿಡಿಯಲು ಹೋದೆ. ಹೆಂಗಸರು ಹಿಡಿಯಬಾರದೆಂದು ಯಾರೋ ಅಂದರು. ಯಾರೆಂದು ತಿರುಗಿ ನೋಡಲಿಲ್ಲ.

ಮೂರನೆಯ ದಿನ ನನ್ನ ಮೈದುನ ರುದ್ರಪ್ಪ ನೆಂಟರನ್ನು ಕಟ್ಟಿಕೊಂಡು ಬಂದ. ಆ ಹೊಲದಲ್ಲಿ ಅರ್ಧ ಹಿಸ್ಸೆ ಅವನದು. "ಅತ್ತಿಗಿ, ಇವತ್ತು ಒಂದು ಪೆಟ್ಟಿಗಿ, ನಾಳಿ ಅದರ ಮ್ಯಾಲ ಒಂದು ಚರ್ಚು. ನಮ್ಮ ಅಪ್ಪ ಅಣ್ಣ ಕುಂತ ಜಾಗ ಅದು. ಹದಿನೈದು ದಿನದಾಗ ಆಕಿನ್ನ ಶಿವಮೊಗ್ಗಕ್ಕ ಒಯ್ಯಿರಿ. ಇಲ್ಲಾಂದ್ರ ನಾನೇ ಅಗಸ್ತೀನಿ."

ನಿಮ್ಮನ್ನು ಮಣ್ಣಿನಿಂದ ಎತ್ತಿಸುತ್ತಾನಂತೆ! ನನ್ನ ದನಿ ಏರಲಿಲ್ಲ. "ನಿನ್ನ ಅರ್ಧ ನನಗೆ ಬಿಡಲು ಏನು ಬೇಕು ಹೇಳು" ಅಂದೆ.

ಅವನು ನೆಂಟರ ಕಡೆ ಕಣ್ಣು ಹೊಡೆದು ನಕ್ಕ. "ಕಾಲುವಿ ಕೆಳಗಿನ ಗದ್ದಿ ಕೊಡ್ತೀರೇನು? ಕೊಡ್ರಿ, ಇಡೀ ಹೊಲ ನಿಮ್ಮ ದೊರೆಸಾನಿಗೇ ಇರಲಿ!" ಎಲ್ಲರೂ ನಕ್ಕರು. ಅಂಜನಾಪುರದ ಕಾಲುವೆ ನೀರು ಹರಿಯುವ ಗದ್ದೆ ಅದು. ವರ್ಷಕ್ಕೆ ಎರಡು ಬೆಳೆ. ನನ್ನ ಗಂಡ ಬದುವಿನ ಕಲ್ಲು ಕಲ್ಲನ್ನೂ ಎದುರು ನಿಂತು ಇಡಿಸಿದ್ದರು. ನಾನು ಅದನ್ನು ಬಿಡುತ್ತೇನೆಂದು ಅವನಿಗೆ ಕನಸಿನಲ್ಲೂ ಇರಲಿಲ್ಲ. "ಹತ್ತು ಜನರ ಮುಂದೆ ಆಡಿದ ಮಾತು. ತಪ್ಪಬೇಡ" ಅಂದೆ. ಆಗ ನಗು ನಿಂತಿತು.

ಮಕ್ಕಳು ಎರಡು ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. "ಅವ್ವಾ, ಒಣ ಹೊಲಕ್ಕ ನೀರಾವರಿ ಗದ್ದಿ ಕೊಟ್ಟೋರು ಯಾರನ್ನ ಕಂಡೀಯವ್ವ?" ಎಂದು ಕಿರಿಯವನು ಕಣ್ಣಲ್ಲಿ ನೀರು ತಂದುಕೊಂಡ. ನಿಮಗೆ ಜ್ವರವಿತ್ತೆಂದು, ನಾನು ಕೇಳಲಿಲ್ಲವೆಂದು ಅವರ ಮುಂದೆ ಹೇಳಿದೆ. ನನ್ನ ಬಾಯಿಂದ ಅಂಥ ಮಾತು ಮಕ್ಕಳು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ಮೂವರೂ ಎದುರಾಡಲಿಲ್ಲ.

ನಿನ್ನೆ ಮಧ್ಯಾಹ್ನ ರಿಜಿಸ್ಟ್ರಿ ಆಯಿತು. ಮಕ್ಕಳು ರುಜು ಹಾಕಿದರು, ರುದ್ರಪ್ಪ ಹಾಕಿದ, ಕೊನೆಗೆ ನಾನು ಹಾಕಿದೆ. ಶಾನುಭೋಗರು ಬದಲಿ ಪತ್ರವನ್ನು ಎರಡು ಸಲ ಓದಿ, "ಯೋಚನೆ ಮಾಡಿದ್ದೀರಾ ಅಮ್ಮಾ?" ಅಂದರು. ನಾನು ಲೇಖನಿ ಕೆಳಗಿಟ್ಟು ಎದ್ದು ಬಂದೆ. ಇವತ್ತು ಬೆಳಗ್ಗೆಯೇ ರುದ್ರಪ್ಪ ಗದ್ದೆಗೆ ನೇಗಿಲು ಇಳಿಸಿದ್ದಾನೆ. ಹೊಲ ಪೂರ್ತಿ ನನ್ನ ಹೆಸರಿಗೆ ಬಂದಿದೆ. ನಿಮ್ಮನ್ನು ಅಲ್ಲಿಂದ ಎಬ್ಬಿಸಲು ಇನ್ನು ಯಾರ ಅಪ್ಪಣೆಯೂ ನಡೆಯುವುದಿಲ್ಲ.